ಗುಂಡು ಎಲ್ಲಿಟ್ಟಿದ್ದಾರೆ? ಟ್ಯಾಂಕ್ ಗನ್ನುಗಳ ಎಪ್ಪತ್ತು ವರ್ಷ

(ಎಂಜಿನಿಯರಿಂಗ್ ವಿದ್ಯಾರ್ಥಿಗಳು ಮತ್ತು ಆಸಕ್ತರ ಮುಂದೆ ಮಾಡಿದ ಉಪನ್ಯಾಸದ ಬರಹ ರೂಪ. ಮಾತಿನ ಧಾಟಿಯನ್ನು ಆದಷ್ಟು ಹಾಗೇ ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಟ್ಯಾಂಕ್ ವಿಷಯ ಬಂದ ಕೂಡಲೇ ಎಲ್ಲರೂ ಕೇಳುವ ಮೊದಲ ಪ್ರಶ್ನೆ ಒಂದೇ. ಅದರ ಗನ್ ಎಷ್ಟು ಎಂಎಂ, ಅಂದರೆ ನಳಿಗೆಯ ಒಳವ್ಯಾಸ ಎಷ್ಟು? 105 ಅಂದರೆ ಹಳೆಯದು, 120 ಅಂದರೆ ಈಗಿನದು, 130 ಅಂದರೆ ಮುಂದಿನದು ಅನ್ನುವ ಲೆಕ್ಕ. ಈ ಲೆಕ್ಕ ಪೂರ್ತಿ ತಪ್ಪಲ್ಲ. ಆದರೆ ನಾನು ಇವತ್ತು ಬೇರೆ ಪ್ರಶ್ನೆ ಹಿಡಿದುಕೊಂಡು ಹೊರಡುತ್ತೇನೆ. ಆ ಗನ್ನಿಗೆ ಬೇಕಾದ ಗುಂಡುಗಳನ್ನು ಟ್ಯಾಂಕಿನೊಳಗೆ ಎಲ್ಲಿಟ್ಟಿದ್ದಾರೆ? ಅವನ್ನು ಎತ್ತಿ ತುಂಬುವವರು ಯಾರು?

ಟ್ಯಾಂಕಿನ ಆಕಾರ, ತೂಕ, ಒಳಗೆ ಕೂರುವವರ ಸಂಖ್ಯೆ, ಕೊನೆಗೆ ಅವರು ಜೀವಂತ ಹೊರಬರುತ್ತಾರೋ ಇಲ್ಲವೋ ಅನ್ನುವುದು, ಇವೆಲ್ಲ ಬಹುಪಾಲು ಈ ಪ್ರಶ್ನೆಗೆ ಕೊಟ್ಟ ಉತ್ತರದ ಮೇಲೆ ನಿಂತಿವೆ. ಗನ್ ದೊಡ್ಡದು ಮಾಡುವುದು ಸುಲಭ. ದೊಡ್ಡ ಗನ್ನಿನ ಗುಂಡಿಗೆ ಜಾಗ ಹುಡುಕುವುದು ಕಷ್ಟ.

1956ಕ್ಕೆ ಹೋಗೋಣ. ಹಂಗೇರಿಯಲ್ಲಿ ಸೋವಿಯತ್ ಹಿಡಿತದ ವಿರುದ್ಧ ಜನ ಬೀದಿಗಿಳಿದಿದ್ದರು. ಬುಡಾಪೆಸ್ಟ್‌ನಲ್ಲಿ ಬಂಡೆದ್ದವರ ಕೈಗೆ ಸೋವಿಯತ್ ಸೈನ್ಯದ ಒಂದು ಟಿ-54 ಟ್ಯಾಂಕ್ ಸಿಕ್ಕಿತು. ಅದನ್ನು ಸೀದಾ ಬ್ರಿಟಿಷ್ ರಾಯಭಾರ ಕಚೇರಿಯ ಆವರಣಕ್ಕೆ ಓಡಿಸಿಕೊಂಡು ಬಂದರು. ಅಲ್ಲಿದ್ದವರು ಸಿಕ್ಕಷ್ಟು ಹೊತ್ತಿನಲ್ಲೇ ಅದರ ಕವಚ, ಅದರ 100 ಎಂಎಂ ಗನ್ ಎಲ್ಲವನ್ನೂ ನೋಡಿಕೊಂಡರು. ಆಗ ಬ್ರಿಟನ್ನಿನ ಸೆಂಚುರಿಯನ್ ಟ್ಯಾಂಕಿನಲ್ಲಿ ಇದ್ದದ್ದು 84 ಎಂಎಂ ಗನ್. ಅದನ್ನು 20-ಪೌಂಡರ್ ಅಂತ ಕರೆಯುತ್ತಿದ್ದರು. ಈ ಟಿ-54 ಎದುರು ಅದು ಸಾಲದು ಅನ್ನುವುದು ಖಾತ್ರಿಯಾಯಿತು.

ಅದರ ಉತ್ತರವಾಗಿ ಬಂದದ್ದು 105 ಎಂಎಂ ಗನ್, ಹೆಸರು ಎಲ್7. 1959ರ ಹೊತ್ತಿಗೆ ಸೈನ್ಯಕ್ಕೆ ಬಂತು. ಅದನ್ನು ಮಾಡಿದವರ ಜಾಣತನ ಎಲ್ಲಿತ್ತು ಗೊತ್ತೇ? ಹಳೆಯ 20-ಪೌಂಡರ್ ಕೂತಿದ್ದ ಜಾಗದಲ್ಲೇ ಹೊಸ ಗನ್ನೂ ಕೂರುವ ಹಾಗೆ ಅಳತೆ ಮಾಡಿದ್ದರು. ಟರೆಟ್, ಅಂದರೆ ಗನ್ ಕೂತಿರುವ ತಿರುಗುವ ಮೇಲ್ಭಾಗ, ಬದಲಾಯಿಸಬೇಕಿಲ್ಲ. ಇರುವ ಟ್ಯಾಂಕಿಗೇ ಹೊಸ ಶಕ್ತಿ ಬಂತು. ಹಾಗಾಗಿ ಈ ಗನ್ ಜಗತ್ತೆಲ್ಲ ಹರಡಿತು. ಅಮೆರಿಕದ ಎಂ60, ಜರ್ಮನಿಯ ಲೆಪರ್ಡ್ 1, ಜಪಾನಿನ ಟೈಪ್ 74, ಇಸ್ರೇಲಿನ ಮೊದಲ ಮೆರ್ಕಾವಾ, ಎಲ್ಲದರಲ್ಲೂ ಇದೇ ಗನ್ ಅಥವಾ ಇದರ ತಮ್ಮ. ನಮ್ಮ ವಿಜಯಂತದಲ್ಲೂ ಇದೇ ಇತ್ತು. ಬ್ರಿಟನ್ನಿನ ವಿಕರ್ಸ್ ಕಂಪನಿಯ ವಿನ್ಯಾಸವನ್ನು ಚೆನ್ನೈ ಹತ್ತಿರದ ಆವಡಿಯ ಕಾರ್ಖಾನೆಯಲ್ಲಿ 1960ರ ದಶಕದಲ್ಲಿ ತಯಾರಿಸಲು ಶುರುಮಾಡಿದೆವು. ನಾವು ದೇಶದಲ್ಲೇ ಕಟ್ಟಿದ ಮೊದಲ ಟ್ಯಾಂಕ್ ಅದು.

ಈಗ ನಳಿಗೆಯ ಒಳಗೆ ಇಣುಕೋಣ. ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗುತ್ತೇನೆ, ಏಕೆಂದರೆ ಮುಂದಿನದೆಲ್ಲ ಇದರಿಂದಲೇ ಹುಟ್ಟಿದ್ದು.

ಎಲ್7ನ ನಳಿಗೆಯೊಳಗೆ ಸುರುಳಿ ಸುರುಳಿಯಾಗಿ ಗೀರುಗಳಿವೆ. ಇದಕ್ಕೆ ರೈಫ್ಲಿಂಗ್ ಅನ್ನುತ್ತಾರೆ. ಗುಂಡು ಹೊರಡುವಾಗ ಈ ಗೀರಿಗೆ ಸಿಕ್ಕಿ ಗಿರಗಿರ ತಿರುಗುತ್ತದೆ. ತಿರುಗುವ ಬುಗುರಿ ಬೀಳದೆ ನಿಲ್ಲುವ ಹಾಗೆ ತಿರುಗುವ ಗುಂಡೂ ಗಾಳಿಯಲ್ಲಿ ಪಲ್ಟಿ ಹೊಡೆಯದೆ ಮೂತಿ ಮುಂದಿಟ್ಟುಕೊಂಡೇ ಹೋಗುತ್ತದೆ. ಆದರೆ ಬುಗುರಿ ಗಿಡ್ಡವಾಗಿರಬೇಕು. ಉದ್ದ ಕೋಲನ್ನು ಹಾಗೆ ತಿರುಗಿಸಿ ನಿಲ್ಲಿಸಲು ಆಗುವುದಿಲ್ಲ, ಅಲ್ವಾ? ಗುಂಡಿನ ಉದ್ದ ಅದರ ದಪ್ಪದ ಸುಮಾರು ಆರೇಳು ಪಟ್ಟು ದಾಟಿತೆಂದರೆ ತಿರುಗುವಿಕೆ ಅದನ್ನು ನೆಟ್ಟಗೆ ಇಡಲಾರದು.

ಉದ್ದದ ಗುಂಡು ಯಾಕೆ ಬೇಕು? ಸೆಕೆಂಡಿಗೆ ಒಂದೂವರೆ ಕಿಲೋಮೀಟರಿಗಿಂತ ಜಾಸ್ತಿ ವೇಗದಲ್ಲಿ ಲೋಹಕ್ಕೆ ಲೋಹ ಬಡಿದಾಗ, ತಾಗಿದ ಜಾಗದಲ್ಲಿ ಎರಡೂ ಗಟ್ಟಿ ವಸ್ತುಗಳಂತೆ ನಡೆದುಕೊಳ್ಳುವುದಿಲ್ಲ. ಒತ್ತಡ ಎಷ್ಟಿರುತ್ತದೆ ಅಂದರೆ ಎರಡೂ ಹರಿಯಲು ಶುರುವಾಗುತ್ತವೆ. ಕವಚ ಸವೆಯುತ್ತದೆ, ಗುಂಡೂ ಸವೆಯುತ್ತದೆ. ಯಾವುದು ಮೊದಲು ಮುಗಿಯುತ್ತದೆ ಅನ್ನುವುದೇ ಪಂದ್ಯ. ಹಾಗಾಗಿ ಗುಂಡು ಉದ್ದವಿರಬೇಕು, ಅದರ ಲೋಹ ಬಹಳ ಸಾಂದ್ರವಾಗಿರಬೇಕು. ಟಂಗ್‌ಸ್ಟನ್ ಮಿಶ್ರಲೋಹ ಅಥವಾ ಡಿಪ್ಲೀಟೆಡ್ ಯುರೇನಿಯಂ, ಇವೆರಡನ್ನೇ ಬಳಸುವುದು ಅದಕ್ಕೇ. ಉದ್ದ ಸರಳಿನಂಥ ಈ ಗುಂಡಿನಲ್ಲಿ ಸಿಡಿಮದ್ದು ಒಂದು ಚೂರೂ ಇರುವುದಿಲ್ಲ. ಬರೀ ವೇಗ ಮತ್ತು ತೂಕ.

ಉದ್ದದ ಸರಳನ್ನು ತಿರುಗಿಸಿ ನಿಲ್ಲಿಸಲು ಆಗದಿದ್ದರೆ ಬಾಲಕ್ಕೆ ರೆಕ್ಕೆ ಕಟ್ಟಬೇಕು. ರೆಕ್ಕೆ ಇದ್ದ ಮೇಲೆ ತಿರುಗುವ ಅಗತ್ಯವೇ ಇಲ್ಲ. ಅಂದಮೇಲೆ ನಳಿಗೆಯೊಳಗೆ ಗೀರು ಯಾಕೆ? ಹೀಗೆ ಬಂದದ್ದು ಸ್ಮೂತ್‌ಬೋರ್, ಒಳಮೈ ನುಣುಪಾದ ನಳಿಗೆ. 1961ರಲ್ಲಿ ಸೋವಿಯತ್ ಸೈನ್ಯಕ್ಕೆ ಬಂದ ಟಿ-62 ಟ್ಯಾಂಕಿನ 115 ಎಂಎಂ ಗನ್ ಈ ದಾರಿ ತೆರೆಯಿತು. ಸರಳು ಸಣ್ಣ, ನಳಿಗೆ ದಪ್ಪ. ನಡುವಿನ ಸಂದು ತುಂಬಲು ಸರಳಿನ ಸುತ್ತ ಹಗುರ ವಸ್ತುವಿನ ಹೋಳುಗಳನ್ನು ಹೊಂದಿಸುತ್ತಾರೆ. ಇದಕ್ಕೆ ಸ್ಯಾಬೋ ಅಂತ ಹೆಸರು. ಮದ್ದಿನ ಒತ್ತಡ ಸ್ಯಾಬೋದ ಇಡೀ ಅಗಲವನ್ನು ತಳ್ಳುತ್ತದೆ. ನಳಿಗೆ ದಾಟಿದ ಕೂಡಲೇ ಗಾಳಿ ಆ ಹೋಳುಗಳನ್ನು ಬಿಡಿಸಿ ಎಸೆಯುತ್ತದೆ. ಸರಳು ಮಾತ್ರ ಗುರಿಯ ಕಡೆ ಹೋಗುತ್ತದೆ. ನಮ್ಮ ಸೈನ್ಯದಲ್ಲಿ ಇದನ್ನು ಎಫ್‌ಎಸ್‌ಎಪಿಡಿಎಸ್ ಅನ್ನುತ್ತಾರೆ.

ಜರ್ಮನಿಯ ರೈನ್‌ಮೆಟಾಲ್ ಕಂಪನಿ ಇದೇ ದಾರಿಯಲ್ಲಿ 120 ಎಂಎಂ ಸ್ಮೂತ್‌ಬೋರ್ ಮಾಡಿತು. 1979ರಲ್ಲಿ ಲೆಪರ್ಡ್ 2ರ ಜೊತೆ ಅದು ಬಂತು. ಇವತ್ತಿಗೂ ಪಶ್ಚಿಮದ ದೇಶಗಳ ಮುಖ್ಯ ಗನ್ ಅದೇ. ಅಮೆರಿಕ ಕೂಡ 1980ರ ದಶಕದ ಮಧ್ಯದಲ್ಲಿ ಅದನ್ನೇ ತನ್ನ ಅಬ್ರಾಮ್ಸ್ ಟ್ಯಾಂಕಿಗೆ ತೆಗೆದುಕೊಂಡಿತು. ಆಮೇಲೆ ಜರ್ಮನ್ನರು ನಳಿಗೆಯ ವ್ಯಾಸ ಮುಟ್ಟದೆ ಉದ್ದವನ್ನು 1.3 ಮೀಟರ್ ಹೆಚ್ಚಿಸಿದರು. ಅದು ಎಲ್55. ಉದ್ದದ ನಳಿಗೆಯಲ್ಲಿ ಮದ್ದಿನ ಅನಿಲ ಇನ್ನಷ್ಟು ಹೊತ್ತು ಗುಂಡನ್ನು ತಳ್ಳುತ್ತದೆ, ವೇಗ ಏರುತ್ತದೆ.

ಬ್ರಿಟಿಷರು ಮಾತ್ರ ಬಹಳ ಕಾಲ ಗೀರಿನ ನಳಿಗೆ ಬಿಡಲಿಲ್ಲ. ಅವರಿಗೆ ಹೆಶ್ ಅನ್ನುವ ಗುಂಡು ಪ್ರಿಯ. ಅದರೊಳಗೆ ಮೆತ್ತನೆಯ ಸಿಡಿಮದ್ದು ಇರುತ್ತದೆ. ಕವಚಕ್ಕೆ ಬಡಿದು ಅಂಟಿಕೊಂಡು ಹರಡಿ ಆಮೇಲೆ ಸಿಡಿಯುತ್ತದೆ. ಆ ಆಘಾತಕ್ಕೆ ಕವಚದ ಒಳಮೈಯಿಂದ ಲೋಹದ ಚಕ್ಕೆ ಕಿತ್ತು ಒಳಗೆ ಹಾರುತ್ತದೆ. ಬಂಕರ್, ಗೋಡೆ ಒಡೆಯಲೂ ಒಳ್ಳೆಯದು. ಆದರೆ ಪದರ ಪದರವಾಗಿ ಕಟ್ಟಿದ ಹೊಸ ಕವಚಗಳ ಮುಂದೆ ಇದರ ಆಟ ನಡೆಯುವುದಿಲ್ಲ. ಕೊನೆಗೆ ಅವರೂ ಹೊಸ ಚಾಲೆಂಜರ್ 3 ಟ್ಯಾಂಕಿಗೆ ಜರ್ಮನ್ ಸ್ಮೂತ್‌ಬೋರ್ ಆರಿಸಿಕೊಂಡರು. ಬೇರೆಯವರು ಅಷ್ಟಾಗಿ ಬಳಸದ ಗುಂಡನ್ನು ಒಂದೇ ದೇಶ ತಯಾರಿಸಿಕೊಂಡು ಹೋಗುವುದು ದುಬಾರಿ ಅನ್ನುವುದೂ ಅದಕ್ಕೆ ದೊಡ್ಡ ಕಾರಣ.

ಒಂದು ಸಣ್ಣ ವಿಷಯ ಸೇರಿಸುತ್ತೇನೆ. ಪ್ರದರ್ಶನಕ್ಕೆ ನಿಲ್ಲಿಸಿದ ಟ್ಯಾಂಕ್ ನೋಡಿದಾಗ ನಳಿಗೆಯ ಮೇಲೆ ಒಂದು ಉಬ್ಬು ಕಾಣುತ್ತದೆ. ಅದು ಗುಂಡು ಹೊಡೆದ ಮೇಲೆ ಉಳಿಯುವ ವಿಷದ ಹೊಗೆಯನ್ನು ಮುಂದಕ್ಕೆ ಎಳೆದು ಹಾಕುವ ಭಾಗ. ಅದಿಲ್ಲದಿದ್ದರೆ ಹಿಂದಿನ ಬಾಗಿಲು ತೆರೆದಾಗೆಲ್ಲ ಹೊಗೆ ಒಳಗೆ ಕೂತವರ ಮುಖಕ್ಕೇ ಬರುತ್ತದೆ. ಈಗಿನ ಟ್ಯಾಂಕುಗಳಲ್ಲಿ ನಳಿಗೆಯ ಸುತ್ತ ಒಂದು ಹೊದಿಕೆಯೂ ಇರುತ್ತದೆ. ಬಿಸಿಲು ಒಂದು ಬದಿಗೆ ಬಿದ್ದರೆ ಅಷ್ಟು ದಪ್ಪ ಉಕ್ಕಿನ ನಳಿಗೆಯೂ ಕೂದಲೆಳೆಯಷ್ಟು ಬಾಗುತ್ತದೆ. ಎರಡು ಕಿಲೋಮೀಟರ್ ದೂರದ ಗುರಿ ತಪ್ಪಲು ಅಷ್ಟು ಸಾಕು. ರಾಜಸ್ಥಾನದ ಮರಳಿನಲ್ಲಿ ನಿಲ್ಲುವ ಟ್ಯಾಂಕಿಗೆ ಇದು ಸಣ್ಣ ಮಾತಲ್ಲ.

ಲೋಡರ್‌ನ ತೋಳು

ಈಗ ನನ್ನ ಮುಖ್ಯ ಪ್ರಶ್ನೆಗೆ ಬರುತ್ತೇನೆ.

ಅಬ್ರಾಮ್ಸ್ ಟ್ಯಾಂಕಿನ ಮೊದಲ ಮಾದರಿಯಲ್ಲಿ 105 ಎಂಎಂ ಗನ್ ಇತ್ತು. ಒಳಗೆ 55 ಗುಂಡು ಹಿಡಿಯುತ್ತಿದ್ದವು. 120 ಎಂಎಂ ಗನ್ ಹಾಕಿದಾಗ ಎಷ್ಟು ಹಿಡಿದವು ಗೊತ್ತೇ? 40. ಬರೀ 15 ಎಂಎಂ ಹೆಚ್ಚಿಸಿದ್ದಕ್ಕೆ ಕಾಲು ಭಾಗಕ್ಕಿಂತ ಜಾಸ್ತಿ ಗುಂಡು ಹೋಯಿತು. ಯುದ್ಧದ ಮಧ್ಯೆ ಗುಂಡು ಖಾಲಿಯಾದ ಟ್ಯಾಂಕ್ ಹಿಂದಕ್ಕೆ ಬರಲೇಬೇಕು. ಹಾಗಾಗಿ ಇದು ಕಾಗದದ ಮೇಲಿನ ಲೆಕ್ಕವಷ್ಟೇ ಅಲ್ಲ.

ಇನ್ನು ತೂಕ. 120 ಎಂಎಂ ಸರಳಿನ ಗುಂಡು ಒಂದಕ್ಕೆ ಸುಮಾರು 20 ಕಿಲೋ. ಓಡುತ್ತಿರುವ, ಕುಲುಕುತ್ತಿರುವ ಟ್ಯಾಂಕಿನೊಳಗೆ ಒಬ್ಬ ಸೈನಿಕ ಅದನ್ನು ಹಿಂದಿನ ಗೂಡಿನಿಂದ ಎಳೆದು, ತಿರುಗಿಸಿ, ಗನ್ನಿನ ಹಿಂಬಾಗಿಲಿಗೆ ನೂಕಬೇಕು. ನುರಿತ ಲೋಡರ್ ಇದನ್ನು ಐದಾರು ಸೆಕೆಂಡಿನಲ್ಲಿ ಮಾಡುತ್ತಾನೆ. ಮನುಷ್ಯನ ತೋಳಿನ ಮಿತಿ ಹೆಚ್ಚುಕಡಿಮೆ ಇಲ್ಲಿಗೇ. ಇದಕ್ಕಿಂತ ದೊಡ್ಡ ಗುಂಡು ಬೇಕಾದರೆ ಯಂತ್ರವೇ ತುಂಬಬೇಕು.

ಸೋವಿಯತ್ ಎಂಜಿನಿಯರುಗಳು ಈ ತೀರ್ಮಾನಕ್ಕೆ ಬಹಳ ಮೊದಲೇ ಬಂದರು. ಟಿ-64ಎ, ಆಮೇಲೆ 1973ರಲ್ಲಿ ಬಂದ ಟಿ-72, ಎರಡರಲ್ಲೂ 125 ಎಂಎಂ ಗನ್, ಎರಡರಲ್ಲೂ ಆಟೋಲೋಡರ್. ನಾಲ್ಕನೆಯ ಮನುಷ್ಯನಾದ ಲೋಡರ್ ಬೇಕಿಲ್ಲ. ಅವನು ನಿಲ್ಲುವ ಜಾಗ ಬೇಕಿಲ್ಲ. ಟರೆಟ್ ಗಿಡ್ಡವಾಯಿತು, ಕವಚ ಹೊದಿಸಬೇಕಾದ ಮೈ ಕಡಿಮೆಯಾಯಿತು. ಟಿ-72 ಶುರುವಿನಲ್ಲಿ ಬರೀ 41 ಟನ್ ಇತ್ತು. ಕೆಲವು ವರ್ಷದ ನಂತರ ಪಶ್ಚಿಮದಲ್ಲಿ ಬಂದ ಲೆಪರ್ಡ್ 2, ಅಬ್ರಾಮ್ಸ್ 55 ಟನ್ ಆಸುಪಾಸಿನಲ್ಲಿದ್ದವು. ಎಂಜಿನಿಯರಿಂಗ್ ದೃಷ್ಟಿಯಿಂದ ಅದು ಅದ್ಭುತ ಕೆಲಸ. ಇದನ್ನು ನಾನು ಮನಸಾರೆ ಹೇಳುತ್ತೇನೆ.

ಆದರೆ ಗುಂಡುಗಳನ್ನು ಎಲ್ಲಿಟ್ಟರು? ಟರೆಟ್ಟಿನ ಕೆಳಗೆ, ನೆಲದ ಮೇಲೆ, ದುಂಡಗಿನ ತಟ್ಟೆಯಲ್ಲಿ. 22 ಗುಂಡು ಮತ್ತು ಅವುಗಳ ಮದ್ದು. ಅದರ ಮೇಲೆ ಕಮಾಂಡರ್ ಮತ್ತು ಗನ್ನರ್ ಕೂರುತ್ತಾರೆ. ತಟ್ಟೆಯಲ್ಲಿ ಹಿಡಿಸದ ಉಳಿದ ಗುಂಡುಗಳು ಅವರ ಸುತ್ತಮುತ್ತ. ಮದ್ದಿನ ಹೊದಿಕೆಯೂ ಉರಿದುಹೋಗುವ ಬಗೆಯದು. ಯಾವುದೋ ಒಂದು ಕಿಡಿ ಒಳಗೆ ಹೊಕ್ಕರೆ ಎಲ್ಲವೂ ಒಟ್ಟಿಗೆ ಹೊತ್ತಿಕೊಳ್ಳುತ್ತದೆ. ಒತ್ತಡಕ್ಕೆ ಹೋಗಲು ಬೇರೆ ದಾರಿ ಇಲ್ಲ. ಟನ್ನುಗಟ್ಟಲೆ ತೂಕದ ಟರೆಟ್ ಕಿತ್ತು ಮೇಲಕ್ಕೆ ಹಾರುತ್ತದೆ. 1991ರಲ್ಲಿ ಇರಾಕಿನಲ್ಲಿ ಜಗತ್ತು ಇದನ್ನು ನೋಡಿತು. 2022ರ ನಂತರ ಉಕ್ರೇನಿನಿಂದ ಬಂದ ವಿಡಿಯೋಗಳಲ್ಲಿ ನೀವೆಲ್ಲ ನೋಡಿದ್ದೀರಿ. ಹಾರಿದ ಟರೆಟ್ಟಿನ ಜೊತೆ ಇಪ್ಪತ್ತು ಇಪ್ಪತ್ತೆರಡು ವರ್ಷದ ಹುಡುಗರಿರುತ್ತಾರೆ. ಯಾವ ದೇಶದವರಾದರೇನು, ಆ ವಿಡಿಯೋಗಳನ್ನು ಮೋಜಿಗೆ ಹಂಚಿಕೊಳ್ಳಬೇಡಿ ಅಂತ ನಿಮ್ಮನ್ನು ಕೇಳಿಕೊಳ್ಳುತ್ತೇನೆ.

ಅಬ್ರಾಮ್ಸ್ ಬೇರೆ ದಾರಿ ಹಿಡಿಯಿತು. ಬಹುಪಾಲು ಗುಂಡು ಟರೆಟ್ಟಿನ ಹಿಂಭಾಗದ ಗೂಡಿನಲ್ಲಿ. ಗೂಡಿಗೂ ಸೈನಿಕರಿಗೂ ನಡುವೆ ಉಕ್ಕಿನ ಜಾರುಬಾಗಿಲು. ಗುಂಡು ತೆಗೆಯುವಾಗ ಮಾತ್ರ ಅದು ತೆರೆಯುತ್ತದೆ. ಗೂಡಿನ ಮೇಲ್ಛಾವಣಿಯನ್ನು ಬೇಕಂತಲೇ ದುರ್ಬಲವಾಗಿ ಮಾಡಿದ್ದಾರೆ. ಗುಂಡುಗಳಿಗೆ ಬೆಂಕಿ ಬಿದ್ದರೆ ಛಾವಣಿ ಕಿತ್ತುಹೋಗಿ ಬೆಂಕಿ ಮೇಲಕ್ಕೆ ಹೋಗುತ್ತದೆ, ಒಳಗಿನವರು ಇಳಿದು ಓಡಬಹುದು. ಟ್ಯಾಂಕ್ ಹೋಯಿತು, ಜನ ಉಳಿದರು. ನುರಿತ ಸೈನಿಕನನ್ನು ತಯಾರು ಮಾಡಲು ವರ್ಷಗಳು ಬೇಕು, ಆ ಲೆಕ್ಕದಲ್ಲೂ ಇದು ಸರಿ.

ಸೋವಿಯತ್ ತಟ್ಟೆಗೆ ಇನ್ನೊಂದು ತೊಂದರೆಯಿದೆ. ಇದು ಅಷ್ಟಾಗಿ ಚರ್ಚೆಗೆ ಬರುವುದಿಲ್ಲ. ಗುಂಡು ಒಂದು ಕಡೆ, ಮದ್ದು ಇನ್ನೊಂದು ಕಡೆ ಇಡುವ ಎರಡು ತುಂಡಿನ ಪದ್ಧತಿ ಅದು. ಸರಳು ಆ ದುಂಡು ತಟ್ಟೆಯೊಳಗೆ ಅಡ್ಡ ಮಲಗಬೇಕು. ತಟ್ಟೆಯ ಅಳತೆಗಿಂತ ಉದ್ದದ ಸರಳು ಹಿಡಿಸುವುದೇ ಇಲ್ಲ. ಸರಳಿನ ಉದ್ದವೇ ಭೇದಿಸುವ ಶಕ್ತಿ ಅಂತ ಆಗಲೇ ನೋಡಿದೆವು. ಅಂದರೆ ನಳಿಗೆ 125 ಎಂಎಂ ಇದ್ದರೂ ಅದರ ಸರಳು 120 ಎಂಎಂ ಗನ್ನಿನ ಸರಳಿಗಿಂತ ಗಿಡ್ಡವಾಗಿ ಉಳಿಯಿತು. ಎಂಎಂ ನೋಡಿ ತೀರ್ಪು ಕೊಡಬೇಡಿ ಅನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ.

ಮೂರನೆಯ ದಾರಿ ಫ್ರಾನ್ಸಿನದು. 1990ರ ದಶಕದ ಆರಂಭದ ಲೆಕ್ಲರ್ಕ್ ಟ್ಯಾಂಕಿನಲ್ಲಿ ಆಟೋಲೋಡರ್ ಇದೆ, ಆದರೆ ಅದು ಟರೆಟ್ಟಿನ ಹಿಂದಿನ ಗೂಡಿನಲ್ಲಿದೆ. ಮೂರೇ ಜನ, ಗುಂಡುಗಳು ಅವರಿಂದ ಬೇರೆ. ಜಪಾನಿನ ಟೈಪ್ 90, ಟೈಪ್ 10, ದಕ್ಷಿಣ ಕೊರಿಯಾದ ಕೆ2 ಇದೇ ಮಾದರಿ. ನನ್ನನ್ನು ಕೇಳಿದರೆ ಈವರೆಗಿನ ಅತ್ಯಂತ ಸಮತೂಕದ ಉತ್ತರ ಇದೇ. ಟೈಪ್ 10 ಬರೀ 44 ಟನ್. 120 ಎಂಎಂ ಗನ್ ಹೊತ್ತುಕೊಂಡೂ ಅಷ್ಟು ಹಗುರ.

130, 140, 152

1980ರ ದಶಕದ ಕೊನೆಗೆ ನೇಟೋ ದೇಶಗಳಿಗೆ ಒಂದು ಭಯ ಇತ್ತು. ಸೋವಿಯತ್ತಿನ ಮುಂದಿನ ಟ್ಯಾಂಕಿನ ಕವಚಕ್ಕೆ 120 ಸಾಲದು ಅಂತ. ಅಮೆರಿಕ, ಬ್ರಿಟನ್, ಜರ್ಮನಿ, ಫ್ರಾನ್ಸ್ 140 ಎಂಎಂ ಗನ್ನಿನ ಕೆಲಸಕ್ಕೆ ಕೈಹಾಕಿದವು. ಸ್ವಿಟ್ಜರ್ಲೆಂಡ್ ಕೂಡ ತನ್ನದೇ 140 ಮಾಡಿ ಲೆಪರ್ಡ್ 2ರ ಮೇಲೆ ಕೂರಿಸಿ ಹೊಡೆದು ನೋಡಿತು. ಆಚೆ ಸೋವಿಯತ್ತಿನವರು 152 ಎಂಎಂ ಗನ್ನನ್ನು ಪ್ರಯೋಗದ ಟ್ಯಾಂಕಿಗೆ ಹಾಕಿದ್ದರು. 1991ರಲ್ಲಿ ಸೋವಿಯತ್ ಒಕ್ಕೂಟವೇ ಒಡೆದು ಹೋಯಿತು. ಎಲ್ಲವೂ ಗೋದಾಮು ಸೇರಿದವು.

ಇಪ್ಪತ್ತೈದು ವರ್ಷದ ನಂತರ ಅದೇ ಮಾತು ಮತ್ತೆ ಬಂದಿದೆ. 2015ರ ಮೇ 9ರಂದು ಮಾಸ್ಕೋ ಪರೇಡಿನಲ್ಲಿ ರಷ್ಯಾ ಟಿ-14 ಅರ್ಮಾಟಾ ತೋರಿಸಿತು. ಮರುವರ್ಷವೇ ಪ್ಯಾರಿಸ್ಸಿನ ಯೂರೋಸಟೋರಿ ಪ್ರದರ್ಶನದಲ್ಲಿ ರೈನ್‌ಮೆಟಾಲ್ 130 ಎಂಎಂ ಗನ್ ಇಟ್ಟಿತು. 2022ರಲ್ಲಿ ಆ ಗನ್ನನ್ನು ಕೆಎಫ್51 ಪ್ಯಾಂಥರ್ ಅನ್ನುವ ಟ್ಯಾಂಕಿನ ಮೇಲೆ ಕೂರಿಸಿ ತೋರಿಸಿತು. ಅದರ ಗುಂಡು ಸುಮಾರು 30 ಕಿಲೋ. ಹಾಗಾಗಿ ಆಟೋಲೋಡರ್ ಬೇಕೇ ಬೇಕು. ಅದರಲ್ಲಿ ಸಿದ್ಧವಾಗಿರುವುದು 20 ಗುಂಡು. 55, 40, 20. ಸಂಖ್ಯೆ ಇಳಿಯುತ್ತಿರುವುದನ್ನು ಗಮನಿಸಿ. ಫ್ರಾನ್ಸ್ ಮತ್ತೆ 140ಕ್ಕೆ ಹೋಗಿದೆ. ಅದರ ಆಸ್ಕಲಾನ್ ಗನ್ನಿನ ಗುಂಡಿನಲ್ಲಿ ಸರಳನ್ನು ಮದ್ದಿನೊಳಗೇ ಹುದುಗಿಸಿಟ್ಟಿದ್ದಾರೆ, ಒಟ್ಟು ಉದ್ದ ಕಡಿಮೆಯಾಗಲಿ ಅಂತ. ಇದು ಜಾಣ ಯೋಚನೆ. ಫ್ರಾನ್ಸ್ ಮತ್ತು ಜರ್ಮನಿ 2017ರಿಂದ ಒಟ್ಟಿಗೆ ಹೊಸ ಟ್ಯಾಂಕ್ ಕಟ್ಟುವ ಮಾತಾಡುತ್ತಿವೆ. ಯಾರ ಗನ್ ಅನ್ನುವುದೂ ಅಲ್ಲಿನ ಜಗಳಗಳಲ್ಲಿ ಒಂದು.

ಅರ್ಮಾಟಾದಲ್ಲಿ ನಿಜಕ್ಕೂ ಹೊಸದು ಗನ್ ಅಲ್ಲ. ಅದು 125 ಎಂಎಂ ಗನ್ನೇ, ಸುಧಾರಿಸಿದ್ದು. ಹೊಸದು ಏನೆಂದರೆ ಟರೆಟ್ಟಿನಲ್ಲಿ ಯಾರೂ ಇಲ್ಲ. ಮೂವರೂ ಮುಂಭಾಗದ ಒಂದು ಕವಚದ ಕೋಣೆಯಲ್ಲಿ ಸಾಲಾಗಿ ಕೂರುತ್ತಾರೆ. ಗುಂಡು ಮತ್ತು ಮನುಷ್ಯರ ನಡುವೆ ಪೂರ್ತಿ ಗೋಡೆ. ಅಮೆರಿಕ 2022ರಲ್ಲಿ ತೋರಿಸಿದ ಅಬ್ರಾಮ್ಸ್‌ಎಕ್ಸ್ ಕೂಡ ಖಾಲಿ ಟರೆಟ್ಟಿನದೇ. ಅರ್ಮಾಟಾ ದೊಡ್ಡ ಸಂಖ್ಯೆಯಲ್ಲಿ ಸೈನ್ಯಕ್ಕೆ ಬರಲಿಲ್ಲ ಅನ್ನುವುದು ಬೇರೆ ಮಾತು. ಆದರೆ ದಿಕ್ಕು ಸರಿ ಇದೆ ಅಂತ ನನ್ನ ಅಭಿಪ್ರಾಯ. ಇದರ ಬೆಲೆಯೂ ಇದೆ. ಕಮಾಂಡರ್ ತಲೆ ಹೊರಹಾಕಿ ಸುತ್ತ ನೋಡುವಂತಿಲ್ಲ. ಕ್ಯಾಮೆರಾ ಕೆಟ್ಟರೆ ಕುರುಡು. ಗುಂಡು ಸಿಕ್ಕಿಹಾಕಿಕೊಂಡರೆ ಕೈ ಹಾಕಿ ಬಿಡಿಸಲು ಅಲ್ಲಿ ಯಾರೂ ಇಲ್ಲ.

ತೂಕದ ಬಗ್ಗೆ ಎರಡೇ ಮಾತು. ಮೊದಲ ಅಬ್ರಾಮ್ಸ್ ಸುಮಾರು 54 ಟನ್ ಇತ್ತು. ಈಗಿನದು 66 ಟನ್ ದಾಟಿದೆ. ಸೇತುವೆ, ರೈಲು, ವಿಮಾನ ಯಾವುದೂ ಅದೇ ವೇಗದಲ್ಲಿ ಬೆಳೆದಿಲ್ಲ. 2023ರ ಸೆಪ್ಟೆಂಬರಿನಲ್ಲಿ ಅಮೆರಿಕದ ಸೈನ್ಯ ಇನ್ನೂ ಭಾರವಾಗುತ್ತಿದ್ದ ಮುಂದಿನ ಮಾದರಿಯನ್ನು ಕೈಬಿಟ್ಟು, ಹಗುರವಾದ ಎಂ1ಇ3 ಮಾಡುತ್ತೇವೆ ಅಂತ ಘೋಷಿಸಿತು.

ನಮ್ಮ ಕಡೆ

ಅರ್ಜುನ್ ಯೋಜನೆಗೆ 1974ರಲ್ಲಿ ಒಪ್ಪಿಗೆ ಸಿಕ್ಕಿತು. ಅದಕ್ಕೆ ಕೊನೆಗೆ ಆರಿಸಿಕೊಂಡದ್ದು 120 ಎಂಎಂ ಗೀರಿನ ನಳಿಗೆ, ಬ್ರಿಟಿಷರ ದಾರಿ. ಆ ಕಾಲಕ್ಕೆ ಅದು ಒಪ್ಪುವ ಆಯ್ಕೆಯೇ. ಗುಂಡು ಹೊಡೆಯುವ ನಿಖರತೆಯಲ್ಲಿ ಅರ್ಜುನ್ ಒಳ್ಳೆಯ ಹೆಸರು ಪಡೆದಿದೆ. ಆದರೆ ಜಗತ್ತು ಸ್ಮೂತ್‌ಬೋರ್ ಕಡೆ ಹೋಯಿತು. ನಾವೇ 2001ರಲ್ಲಿ ರಷ್ಯಾದಿಂದ 310 ಟಿ-90 ತರಿಸಲು ಒಪ್ಪಂದ ಮಾಡಿಕೊಂಡೆವು, ಅದರದು 125 ಎಂಎಂ ಸ್ಮೂತ್‌ಬೋರ್. ಒಂದೇ ಸೈನ್ಯದಲ್ಲಿ ಎರಡು ಬಗೆಯ ಗನ್, ಒಂದರ ಗುಂಡು ಇನ್ನೊಂದಕ್ಕೆ ಆಗುವುದಿಲ್ಲ. ಅರ್ಜುನ್‌ನ ಹೊಸ ಮಾದರಿ ಮಾರ್ಕ್ 1ಎ ಸುಮಾರು 68 ಟನ್. 2021ರಲ್ಲಿ 118 ಟ್ಯಾಂಕಿಗೆ ಆರ್ಡರ್ ಕೊಟ್ಟರು. ಪಂಜಾಬಿನ ಕಾಲುವೆಗಳ ಸೇತುವೆ ನೆನಪಿಸಿಕೊಂಡರೆ ಆ ತೂಕ ಎಷ್ಟು ದೊಡ್ಡ ಪ್ರಶ್ನೆ ಅಂತ ಗೊತ್ತಾಗುತ್ತದೆ.

2020ರಲ್ಲಿ ಲಡಾಖಿನ ಗಡಿ ಬಿಸಿಯಾದಾಗ ಟಿ-72, ಟಿ-90ಗಳನ್ನು ಮೇಲಕ್ಕೆ ಸಾಗಿಸಿದೆವು. ಎದುರಿಗೆ ಚೀನಾದ ಹಗುರ ಟೈಪ್ 15 ಇತ್ತು, 105 ಎಂಎಂ ಗನ್ನಿನದು. ತೆಳು ಗಾಳಿಯಲ್ಲಿ ಎಂಜಿನ್ ಶಕ್ತಿ ಕಳೆದುಕೊಳ್ಳುತ್ತದೆ, ಪ್ರತಿಯೊಂದು ಟನ್ನೂ ಹೊರೆ. ಅಲ್ಲಿಂದ ಹುಟ್ಟಿದ್ದು ಜೋರಾವರ್. ಡಿಆರ್‌ಡಿಒ ಮತ್ತು ಎಲ್ ಅಂಡ್ ಟಿ ಸೇರಿ ಮಾಡಿದ 25 ಟನ್ನಿನ ಟ್ಯಾಂಕ್. 2024ರ ಜುಲೈನಲ್ಲಿ ಗುಜರಾತಿನ ಹಜೀರಾದಲ್ಲಿ ತೋರಿಸಿದರು. ಅದೇ ಡಿಸೆಂಬರಿನಲ್ಲಿ 4,200 ಮೀಟರಿಗೂ ಎತ್ತರದಲ್ಲಿ ಗುಂಡು ಹೊಡೆದು ಪರೀಕ್ಷೆ ಮಾಡಿದರು. ಗನ್ ಎಷ್ಟು? 105 ಎಂಎಂ. 1959ರ ಅಳತೆ, 2024ರ ಟ್ಯಾಂಕ್.

ಬೆಟ್ಟದ ಮೇಲೆ ಟ್ಯಾಂಕ್ ಅಂದಾಗ ಕೊಡಗಿನ ಕೆ.ಎಸ್. ತಿಮ್ಮಯ್ಯನವರನ್ನು ನೆನೆಯದೆ ಮುಂದೆ ಹೋಗಲಾರೆ. 1948ರಲ್ಲಿ ಜೋಜಿಲಾ ಕಣಿವೆ ಶತ್ರುವಿನ ಕೈಯಲ್ಲಿತ್ತು. ಸುಮಾರು 3,500 ಮೀಟರ್ ಎತ್ತರ. ಕಾಲಾಳುಗಳ ದಾಳಿ ಸಫಲವಾಗಿರಲಿಲ್ಲ. ಅಲ್ಲಿಗೆ ಟ್ಯಾಂಕ್ ಬರುತ್ತದೆ ಅಂತ ಯಾರೂ ಕನಸಿನಲ್ಲೂ ಎಣಿಸಿರಲಿಲ್ಲ. ಮೇಜರ್ ಜನರಲ್ ತಿಮ್ಮಯ್ಯ 7ನೇ ಕ್ಯಾವಲ್ರಿಯ ಸ್ಟುವರ್ಟ್ ಟ್ಯಾಂಕುಗಳನ್ನು ಗುಟ್ಟಾಗಿ ತರಿಸಿದರು. ಟರೆಟ್ ಬಿಚ್ಚಿ ಮರೆಮಾಚಿ ಸಾಗಿಸಿದರು. ಬಾಲ್ಟಾಲ್‌ನಿಂದ ಮೇಲಿನ ಹೇಸರಗತ್ತೆ ದಾರಿಯನ್ನು ಟ್ಯಾಂಕ್ ಹತ್ತುವ ಹಾಗೆ ಅಗಲ ಮಾಡಿದವರು ಮದ್ರಾಸ್ ಸ್ಯಾಪರ್ಸ್, ಅಂದರೆ ನಮ್ಮ ಬೆಂಗಳೂರಿನಲ್ಲಿ ನೆಲೆಯಿರುವ ಸೈನ್ಯದ ಎಂಜಿನಿಯರ್ ಪಡೆ ಎಂಇಜಿಯವರು. ನವೆಂಬರ್ 1ರಂದು ಹಿಮದ ನಡುವೆ ಟ್ಯಾಂಕುಗಳು ನುಗ್ಗಿದವು. ತಿಮ್ಮಯ್ಯನವರು ಖುದ್ದು ಮುಂದಿನ ಟ್ಯಾಂಕಿನಲ್ಲಿದ್ದರು. ಕಣಿವೆ ನಮ್ಮದಾಯಿತು. ಆ ಸ್ಟುವರ್ಟ್ ಟ್ಯಾಂಕಿನ ಗನ್ 37 ಎಂಎಂ. ಆ ಕಾಲಕ್ಕೇ ಅದು ಬಹಳ ಸಣ್ಣದು. ಆದರೆ ಅಲ್ಲಿಗೆ ತಲುಪಿದ್ದು ಅದೊಂದೇ.

ಮೇಲಿನಿಂದ ಬರುವುದು

ಇಷ್ಟು ಹೊತ್ತು ಟ್ಯಾಂಕ್ ಎದುರು ಟ್ಯಾಂಕ್ ಅನ್ನುವ ಲೆಕ್ಕದಲ್ಲೇ ಮಾತಾಡಿದೆ. ಉಕ್ರೇನಿನಲ್ಲಿ ಅಂಥ ಕಾಳಗ ಬಹಳ ಅಪರೂಪ. ಅಲ್ಲಿ ಟ್ಯಾಂಕನ್ನು ಕೊಲ್ಲುತ್ತಿರುವುದು ನೆಲಬಾಂಬು, ಫಿರಂಗಿ, ಕ್ಷಿಪಣಿ, ಎಲ್ಲಕ್ಕಿಂತ ಹೆಚ್ಚಾಗಿ ಸಣ್ಣ ಡ್ರೋನ್. ಟ್ಯಾಂಕಿನ ದಪ್ಪ ಕವಚವೆಲ್ಲ ಮುಂದುಗಡೆ. ಛಾವಣಿ ಕೆಲವೇ ಸೆಂಟಿಮೀಟರ್. ಡ್ರೋನ್ ಅಲ್ಲಿಗೇ ಬರುತ್ತದೆ. ಅದಕ್ಕೆ ಸೈನಿಕರು ಮೊದಲು ಕಬ್ಬಿಣದ ಜಾಲರಿ ಕಟ್ಟಿಕೊಂಡರು. 2024ರ ಹೊತ್ತಿಗೆ ರಷ್ಯನ್ನರು ಇಡೀ ಟ್ಯಾಂಕಿನ ಮೇಲೆ ತಗಡಿನ ಶೆಡ್ಡನ್ನೇ ಕಟ್ಟಿದರು. ಟರೆಟ್ ಸರಿಯಾಗಿ ತಿರುಗುವುದಿಲ್ಲ, ಸುತ್ತ ಕಾಣುವುದಿಲ್ಲ. ಆದರೂ ಕಟ್ಟಿದರು. ಗನ್ನಿನ ಉಪಯೋಗವನ್ನೇ ಅರ್ಧ ಬಿಟ್ಟುಕೊಟ್ಟು ಜೀವ ಉಳಿಸಿಕೊಳ್ಳುವ ದಾರಿ ಅದು.

2024ರ ಜನವರಿಯಲ್ಲಿ ಅವ್ದಿವ್ಕಾ ಹತ್ತಿರದ ಸ್ತೆಪೋವೆ ಹಳ್ಳಿಯಲ್ಲಿ ಉಕ್ರೇನಿನ ಎರಡು ಬ್ರಾಡ್ಲಿ ವಾಹನಗಳು (ಕಾಲಾಳುಗಳನ್ನು ಸಾಗಿಸುವ ಕವಚದ ವಾಹನಗಳು) ರಷ್ಯಾದ ಒಂದು ಟಿ-90ಎಂ ಟ್ಯಾಂಕಿಗೆ ಎದುರಾದವು. ಬ್ರಾಡ್ಲಿಯ ಗನ್ ಬರೀ 25 ಎಂಎಂ. ಕವಚ ಒಡೆಯುವ ಪ್ರಶ್ನೆಯೇ ಇಲ್ಲ. ಹತ್ತಿರದಿಂದ ಎಡೆಬಿಡದೆ ಹೊಡೆದು ಅದರ ಹೊರಗಿನ ಕಣ್ಣುಗಳನ್ನು ಹಾಳುಮಾಡಿದರು. ಟರೆಟ್ ಹಿಡಿತ ತಪ್ಪಿ ಸುತ್ತತೊಡಗಿತು. 125 ಎಂಎಂ ಗನ್ ಅಲ್ಲೇ ಇತ್ತು, ಕೆಲಸಕ್ಕೆ ಬರಲಿಲ್ಲ.

ಡ್ರೋನ್ ಮತ್ತು ಕ್ಷಿಪಣಿಗೆ ತಾಂತ್ರಿಕ ಉತ್ತರ ಅಂದರೆ ಸಕ್ರಿಯ ರಕ್ಷಣೆ. ಟ್ಯಾಂಕಿನ ಮೈಮೇಲಿನ ರೇಡಾರ್ ಬರುವ ಕ್ಷಿಪಣಿಯನ್ನು ಗುರುತಿಸಿ, ತಾಗುವ ಮೊದಲೇ ಲೋಹದ ಚೂರುಗಳನ್ನು ಎರಚಿ ಕೆಡವುತ್ತದೆ. ಇಸ್ರೇಲಿನ ಟ್ರೋಫಿ 2011ರ ಮಾರ್ಚ್ 1ರಂದು ಗಾಜಾ ಗಡಿಯಲ್ಲಿ ಒಂದು ಮೆರ್ಕಾವಾ 4 ಟ್ಯಾಂಕನ್ನು ಹೀಗೆ ಉಳಿಸಿತು. ಮೊದಲು ಇದು ಪಕ್ಕದಿಂದ ಬರುವುದನ್ನು ತಡೆಯಲು ಮಾಡಿದ್ದು. ಈಗ ಮೇಲಿನಿಂದ ಬರುವುದಕ್ಕೂ ಹೊಂದಿಸುತ್ತಿದ್ದಾರೆ. ಇದೂ ತೂಕ, ಇದಕ್ಕೂ ಜಾಗ ಬೇಕು, ಕರೆಂಟ್ ಬೇಕು. ಒಂದು ಟನ್ ತೂಕ ಉಳಿದರೆ ಅದನ್ನು 130 ಎಂಎಂ ಗನ್ನಿಗೆ ಕೊಡಬೇಕೋ ಛಾವಣಿಯ ರಕ್ಷಣೆಗೆ ಕೊಡಬೇಕೋ ಅಂತ ನನ್ನನ್ನು ಕೇಳಿದರೆ, ಛಾವಣಿಗೆ ಅಂತ ಒಂದು ಕ್ಷಣವೂ ಯೋಚಿಸದೆ ಹೇಳುತ್ತೇನೆ. ಒಳ್ಳೆಯ ಸರಳು, ಗಾಳಿಯಲ್ಲೇ ಸಿಡಿಯುವ ಹಾಗೆ ಹೊಂದಿಸಬಹುದಾದ ಹೊಸ ಗುಂಡುಗಳು, ಇವಿದ್ದರೆ 120 ಇನ್ನೂ ಬಹಳ ವರ್ಷ ಸಾಕು.

ಮಾತು ಮುಗಿದ ಮೇಲೆ ಕೆಲವರು ಪ್ರಶ್ನೆ ಕೇಳಿದರು. ಮುಖ್ಯವಾದ ಎರಡನ್ನು ಇಲ್ಲಿ ಸೇರಿಸುತ್ತೇನೆ.

ಒಬ್ಬರು ಕೇಳಿದರು: "ಹಾಗಾದರೆ ಟ್ಯಾಂಕಿನ ಕಾಲ ಮುಗಿದ ಹಾಗೇ ಅಲ್ವಾ ಸರ್?" 1973ರಲ್ಲೂ ಇದೇ ಪ್ರಶ್ನೆ ಬಂದಿತ್ತು. ಸಿನಾಯ್ ಮರಳುಗಾಡಿನಲ್ಲಿ ಈಜಿಪ್ಟಿನ ಕಾಲಾಳುಗಳು ಸೂಟ್‌ಕೇಸಿನಲ್ಲಿ ಹೊತ್ತು ತಂದ ಸ್ಯಾಗರ್ ಕ್ಷಿಪಣಿಗಳು ಇಸ್ರೇಲಿನ ಟ್ಯಾಂಕುಗಳನ್ನು ಸಾಲು ಸಾಲಾಗಿ ಕೆಡವಿದ್ದವು. ಆಮೇಲೆ ಕವಚ ಬದಲಾಯಿತು, ಕಾಲಾಳು ಮತ್ತು ಫಿರಂಗಿಯನ್ನು ಜೊತೆಗಿಟ್ಟುಕೊಂಡು ಹೋಗುವ ಪದ್ಧತಿ ಗಟ್ಟಿಯಾಯಿತು. ಉಕ್ರೇನಿನಲ್ಲಿ ಎರಡೂ ಕಡೆಯವರು ಇವತ್ತಿಗೂ ಟ್ಯಾಂಕ್ ಕೇಳುತ್ತಲೇ ಇದ್ದಾರೆ. ಗುಂಡಿನ ಮಳೆಯಲ್ಲಿ ಮುಂದೆ ಹೋಗಿ ಕಂದಕದ ಮೇಲೆ ನೇರವಾಗಿ ಹೊಡೆಯುವ ಬೇರೆ ವಾಹನ ಅವರ ಬಳಿ ಇಲ್ಲ.

ಇನ್ನೊಬ್ಬ ವಿದ್ಯಾರ್ಥಿನಿ ಕೇಳಿದ ಪ್ರಶ್ನೆ ನನಗೆ ಬಹಳ ಇಷ್ಟವಾಯಿತು. "ಟಿ-72 ಬದಲಿಗೆ ನಮ್ಮ ಸೈನ್ಯಕ್ಕೆ ಹೊಸ ಟ್ಯಾಂಕ್ ಬರುತ್ತದಂತೆ. ಅದರಲ್ಲಿ ನಾವು ಮಾಡಬಹುದಾದ ಕೆಲಸ ಏನಿದೆ?" 2024ರ ಸೆಪ್ಟೆಂಬರಿನಲ್ಲಿ ಎಫ್‌ಆರ್‌ಸಿವಿ ಅನ್ನುವ ಆ ಯೋಜನೆಗೆ ರಕ್ಷಣಾ ಖರೀದಿ ಮಂಡಳಿ ಮೊದಲ ಒಪ್ಪಿಗೆ ಕೊಟ್ಟಿದೆ. ಕೆಲಸ ಬೇಕಾದಷ್ಟಿದೆ. ಒಂದೇ ಉದಾಹರಣೆ ಕೊಟ್ಟೆ. ಗುಂಡಿನ ಮದ್ದು ಬಿಸಿಯಲ್ಲಿ ಬೇಗ ಉರಿಯುತ್ತದೆ, ಚಳಿಯಲ್ಲಿ ನಿಧಾನ. ಜೈಸಲ್ಮೇರಿನ ಮೇ ತಿಂಗಳ ಬಿಸಿಲಿಗೂ ಲಡಾಖಿನ ಜನವರಿಯ ಚಳಿಗೂ ಎಂಬತ್ತು ಡಿಗ್ರಿ ಹತ್ತಿರದ ವ್ಯತ್ಯಾಸ ಆಗಬಹುದು. ಬಿಸಿಲಲ್ಲಿ ಒತ್ತಡ ಏರಿ ನಳಿಗೆ ಬೇಗ ಸವೆಯುತ್ತದೆ, ಚಳಿಯಲ್ಲಿ ವೇಗ ಇಳಿದು ಸರಳು ಕವಚ ದಾಟುವುದಿಲ್ಲ. ಎರಡೂ ಕಡೆ ಒಂದೇ ಸಮ ಉರಿಯುವ ಮದ್ದು ಬೇಕು. ಜರ್ಮನ್ನರು ತಮ್ಮ ಗುಂಡುಗಳಿಗೆ ಅಂಥದ್ದನ್ನು ಮಾಡಿಕೊಂಡಿದ್ದಾರೆ. ಇಷ್ಟು ದೊಡ್ಡ ವ್ಯತ್ಯಾಸದ ಎರಡು ಗಡಿಗಳಲ್ಲಿ ಟ್ಯಾಂಕ್ ನಿಲ್ಲಿಸುವ ನಮಗೆ ಅದು ಅವರಿಗಿಂತ ಜಾಸ್ತಿ ಬೇಕು. ಮದ್ದಿನ ಕೆಲಸ ಮಾಡುವ ಎಚ್‌ಇಎಂಆರ್‌ಎಲ್, ಗನ್ನಿನ ಕೆಲಸ ಮಾಡುವ ಎಆರ್‌ಡಿಇ, ಎರಡೂ ಪುಣೆಯಲ್ಲಿವೆ. ಲೋಹದ ಕೆಲಸಕ್ಕೆ ಹೈದರಾಬಾದಿನಲ್ಲಿ ಡಿಎಂಆರ್‌ಎಲ್ ಇದೆ. ಕೆಮಿಕಲ್, ಮೆಟಲರ್ಜಿ ಓದುತ್ತಿರುವವರು ಕ್ಯಾಂಪಸ್ಸಿಗೆ ಬರುವ ಸಾಫ್ಟ್‌ವೇರ್ ಕಂಪನಿಗಳ ಜೊತೆಗೆ ಈ ಲ್ಯಾಬುಗಳ ಅರ್ಜಿಯನ್ನೂ ತುಂಬಿ ಅಂತ ಹೇಳಿದೆ. ಆಕೆ ಮೂರೂ ಹೆಸರು ಬರೆದುಕೊಂಡಳು.